ಹೆಸರು: ತಂದೆ ಹೇಳಿದ್ದು

ಹೆದರುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗ್ಯಾಸ್ ಆರಿಸಿದೆನೇ ಎಂದು ನೋಡಲು ಲಿಫ್ಟಿನಿಂದ ಮರಳಿ ಬಂದು, ಬೀಗ ಹಾಕಿದೆನೇ ಎಂದು ನೋಡಲು ಶೇರ್ ರಿಕ್ಷಾದ ಸಾಲಿನಿಂದ ಮರಳಿ ಬಂದು, ಹಾಗೆ ತಪ್ಪಿಸಿಕೊಂಡ ಲೋಕಲ್ ರೈಲುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಮುಂಬಯಿ ಹೊರವಲಯದ ಡೊಂಬಿವಲಿಯಿಂದ ಠಾಣೆ ಸ್ಟೇಷನ್ ಮುಟ್ಟೀತು. ಕೆಲಸವೂ ಅಂಥದ್ದೇ ಸಿಕ್ಕಿದೆ. ತುರ್ಭೆಯ ಒಂದು ಗೋದಾಮಿನಲ್ಲಿ, ಲಾರಿಗೆ ಹೇರಿದ ಮಾಲಿನಲ್ಲಿ ಏನು ತಪ್ಪಿರಬಹುದು ಎಂದು ಹುಡುಕುವುದು. ತಪ್ಪು ಸಿಗದ ದಿನ ನನಗೆ ಊಟ ಸೇರುವುದಿಲ್ಲ.

ಇಷ್ಟೊಂದು ಅನುಭವವಿದ್ದೂ ನಾನು ಒಮ್ಮೆ ಎಂಟು ತಿಂಗಳು ತಪ್ಪು ವಿಷಯಕ್ಕೆ ಹೆದರಿಕೊಂಡು ಕೂತಿದ್ದೆ. ಹೆದರಬೇಕಾದದ್ದು ಅದಲ್ಲ ಎಂದು ತೋರಿಸಿದವರು ಮನೆಗೆ ಬಂದು ರಕ್ತ ತೆಗೆಯುತ್ತಿದ್ದ ಒಬ್ಬ ಹೆಂಗಸು. ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಅವರ ಲ್ಯಾಬ್. ಬೆಳಿಗ್ಗೆ ಮನೆಮನೆಯ ಕೆಲಸ, ಹನ್ನೊಂದರ ನಂತರ ಲ್ಯಾಬಿನಲ್ಲಿ. ಗದಗದ ಕಡೆಯವರು. ಗಂಡನಿಗೆ ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸವಾಗಿ ಮದುವೆಯ ಮರುವರ್ಷವೇ ಬಂದವರು. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನನ್ನ ಮಗಳ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅದನ್ನು ಅವಳೇ ಹೇಳಬೇಕು ಎಂಬುದು ಆ ಹೆಂಗಸಿನ ಕಾನೂನಾಗಿತ್ತು.

ಮೊದಲ ಸಲ ಅವರು ಬಂದಾಗ ಮಗಳಿಗೆ ಮೂರು ತುಂಬಲು ಇನ್ನೂ ಕೆಲವು ತಿಂಗಳಿತ್ತು. ನಾಲ್ಕು ದಿನದ ಜ್ವರ. ಬಾಗಿಲಲ್ಲಿ ನಿಂತ ಹೆಂಗಸಿಗೆ ಐವತ್ತರ ಸುಮಾರು, ಹೆಗಲಲ್ಲಿ ಐಸ್ ತುಂಬಿದ ನೀಲಿ ಚೀಲ. ದೂರದಿಂದ ನೋಡಿದರೆ ಯಾರದೋ ಟಿಫಿನ್ ಹೊತ್ತು ಹೊರಟವರ ಹಾಗೆ. ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿಯನ್ನು ಬಳೆಯಂತೆ ಮುಂಗೈಗೆ ಸುತ್ತಿಕೊಂಡಿದ್ದರು. ಒಳಗೆ ಬಂದವರೇ ಕೈ ತೊಳೆದು, ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತರು. ಚಳಿಯೇ ಎಂದು ಕೇಳಿದೆ.

"ನನಗಲ್ರಿ. ತಣ್ಣನ ಕೈಲೆ ಮುಟ್ಟಿದ್ರ ಕೂಸು ಸೂಜಿಗಿಂತ ಮೊದಲ ಕೈಗೇ ಅಂಜ್ತದ."

ಕೈ ಬೆಚ್ಚಗಾದ ಮೇಲೆ ಮಗಳ ಮುಂದೆ ನೆಲದ ಮೇಲೆ ಕೂತು ಕೇಳಿದರು: "ನಿನ್ ಹೆಸರೇನವಾ?"

ಮಗಳು ಮಿಕ್ಸರಿನ ಮುಚ್ಚಳವನ್ನು ತಿರುಗಿಸುತ್ತ ಕೂತಿದ್ದಳು. ನಾನು ಹೆಸರು ಹೇಳಿದೆ.

"ಅಣ್ಣಾರ, ನಿಮ್ಮನ್ನ ಕೇಳಿಲ್ರಿ. ಕೂಸಿನ್ನ ಕೇಳೇನಿ."

"ಅವಳು ಇನ್ನೂ ಅಷ್ಟು ಮಾತಾಡುವುದಿಲ್ಲ."

"ಇರ್ಲಿ. ಹತ್ತು ಎಣಸ್ತೇನಿ."

ನಿಜವಾಗಿಯೂ ಎಣಿಸಿದರು, ತುಟಿಯಲ್ಲೇ, ಗಡಿಬಿಡಿಯಿಲ್ಲದೆ. ಮಕ್ಕಳಿರುವ ಮನೆಯಲ್ಲಿ ಹತ್ತು ಎಣಿಸುವಷ್ಟು ಮೌನ ಎಷ್ಟು ಉದ್ದವಿರುತ್ತದೆ ಎಂದು ಆವತ್ತು ಗೊತ್ತಾಯಿತು. ಮುಚ್ಚಳ ತಿರುಗುತ್ತಲೇ ಇತ್ತು. ಹತ್ತಾದ ಮೇಲೆ ಅವರು ನನ್ನ ಕಡೆ ನೋಡಿ ಹೆಸರು ಕೇಳಿದರು, ಟ್ಯೂಬಿನ ಮೇಲೆ ಬರೆದರು. ಆಮೇಲೆ ಇಂಗ್ಲಿಷ್ ಫಾರ್ಮಿನ ಮೂಲೆಯಲ್ಲಿ ಕನ್ನಡದಲ್ಲಿ ಸಣ್ಣಗೆ ಇನ್ನೇನೋ ಬರೆದರು. ಬಗ್ಗಿ ನೋಡಿದೆ. "ತಂದೆ ಹೇಳಿದ್ದು."

ಜ್ವರ ಮೂರು ದಿನದಲ್ಲಿ ಬಿಟ್ಟಿತು. ಆ ಎರಡು ಶಬ್ದ ಬಿಡಲಿಲ್ಲ.

ಮಗಳು ಮಾತಾಡದಿರುವುದಕ್ಕೆ ನಮ್ಮ ಬಳಗದಲ್ಲಿ ಒಂದು ಉತ್ತರ ಸಿದ್ಧವಿತ್ತು. ನಮ್ಮ ಮನೆಯಲ್ಲಿ ತುಳು. ಅಜ್ಜಿಯ ಫೋನು ಬಂದರೆ ಕನ್ನಡ. ಮನೆಗೆಲಸದವಳ ಜೊತೆ ಮರಾಠಿ. ಕೆಳಗೆ ಮಕ್ಕಳು ಆಡುವುದು ಹಿಂದಿಯಲ್ಲಿ. "ನಾಲ್ಕು ಭಾಷೆ ಒಟ್ಟಿಗೆ ಕಿವಿಗೆ ಬಿದ್ದರೆ ಮಗು ಎಂತ ಮಾಡ್ಬೇಕು ಮಾರಾಯ, ಯಾವುದರಲ್ಲಿ ಶುರು ಮಾಡುವುದೆಂದು ಯೋಚನೆ ಮಾಡ್ತಾ ಉಂಟು" ಎಂದು ನಮ್ಮ ಊರವರ ಸಂಘದ ಹಿರಿಯರೊಬ್ಬರು ಗಣೇಶೋತ್ಸವದ ಊಟದ ಪಂಕ್ತಿಯಲ್ಲಿ ತೀರ್ಪು ಕೊಟ್ಟಿದ್ದರು. ಅವರ ಮೊಮ್ಮಗನೂ ನಾಲ್ಕು ವರ್ಷಕ್ಕೆ ಮಾತು ಶುರುಮಾಡಿ ಈಗ ಬಾಯಿ ಮುಚ್ಚುವುದಿಲ್ಲವಂತೆ. ಈ ಭಾಗದಲ್ಲಿ ನೆಲೆಸಿದ ನಮ್ಮವರಲ್ಲಿ ಈ ಮಾತಿಗೆ ಎದುರು ಹೇಳಿದವರನ್ನು ನಾನು ಕಂಡಿಲ್ಲ. ನನಗೂ ಎದುರು ಹೇಳುವ ಮನಸ್ಸಿರಲಿಲ್ಲ. ಅಂಥ ಬೆಚ್ಚಗಿನ ಉತ್ತರವನ್ನು ಯಾರು ಬಿಟ್ಟುಕೊಡುತ್ತಾರೆ?

ಹೆಂಡತಿ ಮಾತ್ರ ಆ ಪಂಕ್ತಿಯಲ್ಲಿ ತಲೆ ಎತ್ತಲಿಲ್ಲ. ಕುಕ್ಕರಿನ ಸೀಟಿಗೆ ಮಗಳು ಕಿವಿ ಮುಚ್ಚಿಕೊಂಡು ಮೂಲೆ ಸೇರುವುದನ್ನು, ತುದಿಗಾಲಲ್ಲಿ ನಡೆಯುವುದನ್ನು, ಕೂಗಿದರೆ ತಿರುಗದವಳು ಪಕ್ಕದ ಮನೆಯ ಮೊಬೈಲಿನ ರಿಂಗಿಗೆ ತಿರುಗುವುದನ್ನು ಅವಳು ನೋಡುತ್ತಿದ್ದಳು. "ಠಾಣೆಯಲ್ಲಿ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರ್ ಇದ್ದಾರಂತೆ, ಒಮ್ಮೆ ತೋರಿಸುವ" ಎಂದು ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳುವ ಮೊದಲು ನಾನು ಲೋಕಲಿನಲ್ಲಿ ಫೋನ್ ತೆರೆದೆ.

ಫಾಸ್ಟ್ ಲೋಕಲು, ಒಂದು ಕಾಲ ಮೇಲೆ ನಿಂತಿದ್ದೆ. ಆಟಿಸಂ ಎಂಬ ಶಬ್ದವನ್ನು ಟೈಪ್ ಮಾಡಿ, ಹಿಂದೆ ನಿಂತವನಿಗೆ ಕಾಣದಂತೆ ಪರದೆಯನ್ನು ಎದೆಗೆ ಒತ್ತಿಕೊಂಡೆ. ಯಾವುದೋ ಲೇಖನ ತೆರೆಯಿತು. ಆಟಿಸಂ ಇರುವ ಕೆಲವು ಮಕ್ಕಳ ರಕ್ತದಲ್ಲಿ ಉರಿಯೂತದ ಗುರುತುಗಳು ಹೆಚ್ಚು ಕಂಡಿವೆ, ಎಂದು ಶುರುವಾಯಿತು. ಉರಿಯೂತ ಎಂದರೆ ಗಾಯವಾದಾಗ, ಸೋಂಕು ತಗಲಿದಾಗ ದೇಹ ಒಳಗಿಂದ ಕಾವೇರುವುದು. ಅದರ ಅಳತೆಗೆ ರಕ್ತಪರೀಕ್ಷೆಗಳಿವೆ. ಮಗಳ ಜ್ವರದ ರಿಪೋರ್ಟಿನಲ್ಲಿ ಅವುಗಳಲ್ಲಿ ಎರಡು ಹೆಸರು ನಾನೇ ನೋಡಿದ್ದೆ, ಸಿಆರ್‌ಪಿ ಮತ್ತು ಇಎಸ್‌ಆರ್. ಎರಡೂ ಹೆಚ್ಚಿದ್ದವು. ಮುಂದಿನ ಸಾಲಿಗೆ ಬೆರಳು ಎಳೆಯುವಷ್ಟರಲ್ಲಿ ಮುಂಬ್ರಾ ದಾಟಿ ಗಾಡಿ ಸುರಂಗ ಹೊಕ್ಕಿತು. ನೆಟ್‌ವರ್ಕ್ ಹೋಯಿತು. ಬಿಳಿಯ ಪರದೆಯಲ್ಲಿ ಒಂದು ಸಣ್ಣ ಚಕ್ರ ತಿರುಗುತ್ತಿತ್ತು, ಮಗಳ ಕೈಯ ಮುಚ್ಚಳದಂತೆ. ಆ ಕತ್ತಲಲ್ಲಿ ಬೆವರಿ ನಿಂತ ನನಗೆ ಒಂದೇ ಒಂದು ಯೋಚನೆ ಬಂತು: ಜ್ವರ ಹೋದ ಮೇಲೆ ಪುನಃ ನೋಡಬೇಕು. ಎರಡೂ ಇಳಿದಿದ್ದರೆ ಇದು ಆಟಿಸಂ ಅಲ್ಲ.

ಠಾಣೆಯಲ್ಲಿ ನೆಟ್‌ವರ್ಕ್ ಬಂತು. ಉಳಿದದ್ದನ್ನು ನಾನು ಓದಲಿಲ್ಲ. ಗಾಡಿ ಬದಲಿಸುವ ಗಡಿಬಿಡಿ ಎಂದು ಆಗ ಅಂದುಕೊಂಡಿದ್ದೆ.

ಹೀಗೆ ಶುರುವಾಯಿತು. ನಮ್ಮ ಡಾಕ್ಟರ್ ಜ್ವರಕ್ಕೆ ಬರೆದುಕೊಟ್ಟ ಚೀಟಿಯನ್ನು ಝೆರಾಕ್ಸ್ ಮಾಡಿಸಿ ಇಟ್ಟುಕೊಂಡು ತಿಂಗಳಿಗೊಮ್ಮೆ ಆ ಹೆಂಗಸಿಗೆ ಫೋನ್ ಮಾಡಿದೆ. ರಿಪೋರ್ಟ್ ನಾರ್ಮಲ್. ಆ ಸಂಜೆ ಜಿಲೇಬಿ ತಂದೆ. ಮುಂದಿನ ತಿಂಗಳೂ ನಾರ್ಮಲ್. ಆದರೆ ಹೆದರಿಕೆಗೆ ನಾರ್ಮಲ್ ಎಂಬುದು ಮೂರು ವಾರ ಬಾಳುವ ಮಾತ್ರೆ. ನಾಲ್ಕನೆಯ ವಾರ ಮತ್ತೆ ಬೇಕೆನಿಸುತ್ತದೆ. ಉರಿಯೂತ ಇಳಿಸುತ್ತದೆಂದು ಹಾಲು ಬಿಡಿಸಿದೆ, ಗೋಧಿ ಬಿಡಿಸಿದೆ, ಎಲ್ಲದಕ್ಕೂ ಅರಸಿನ ಹಾಕಿಸಿದೆ. ಮಗಳ ಬಿಳಿಯ ಫ್ರಾಕುಗಳೆಲ್ಲ ಹಳದಿಯಾದವು. ಕಂಪ್ಯೂಟರಿನಲ್ಲಿ ಗ್ರಾಫ್ ಬೇರೆ ಮಾಡಿದ್ದೆ. ಅದನ್ನು ಹೆಮ್ಮೆಯಿಂದ ಆ ಹೆಂಗಸಿಗೆ ತೋರಿಸಿದಾಗ ಕನ್ನಡಕ ಏರಿಸಿ ನೋಡಿ, "ಇದೇನ್ರಿ ಅಣ್ಣಾರ, ಷೇರು ಮಾರ್ಕೆಟ್ಟೇನ್ರಿ?" ಎಂದರು.

ಒಮ್ಮೆ, ದೋಷ ನನ್ನ ಕಡೆಯಿಂದಲೇ ಬಂದಿರಬಹುದು ಎಂದು ನನ್ನ ರಕ್ತವನ್ನೂ ಕೊಟ್ಟೆ. ಮಗಳದು ನಾರ್ಮಲ್, ನನ್ನದು ಗೆರೆ ದಾಟಿತ್ತು. ಎರಡು ದಿನ ಊಟ ಬಿಟ್ಟೆ. ಆಮೇಲೆ ಅವರೇ ಫೋನ್ ಮಾಡಿದರು. "ರಿಪೋರ್ಟ್ ನೋಡೀನ್ರಿ. ಅವತ್ತ ಮಾತಾಡೂಮುಂದ ಗದ್ದ ಹಿಡ್ಕೊಂಡ ಮಾತಾಡಾಕತ್ತಿದ್ರಿ. ಹಲ್ಲಿನ ಡಾಕ್ಟರ್ ಕಡೆ ಹೋಗ್ರಿ." ಹೋದೆ. ದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಊರಿಗೆಲ್ಲ ಉರಿಯೂತ ಹುಡುಕುವವನಿಗೆ ತನ್ನ ಬಾಯೊಳಗಿನದು ಗೊತ್ತಿರಲಿಲ್ಲ.

ಪ್ರತಿ ಸಲವೂ ಅವರದು ಅದೇ ಕ್ರಮ. ಕಂಕುಳಲ್ಲಿ ಕೈ, ನೆಲದ ಮೇಲೆ ಕೂರುವುದು, "ನಿನ್ ಹೆಸರೇನವಾ?", ಹತ್ತರವರೆಗಿನ ಎಣಿಕೆ, ಮೂಲೆಯಲ್ಲಿ ಆ ಎರಡು ಶಬ್ದ. ಸೂಜಿ ಚುಚ್ಚಿದಾಗ ಅಳುವ ಮಗಳಿಗೆ ಬಳಸದ ಟ್ಯೂಬುಗಳ ಮುಚ್ಚಳ ಕೊಡುತ್ತಿದ್ದರು: ನೇರಳೆ, ಕೆಂಪು, ನೀಲಿ. ಅವಳು ಅಳು ನಿಲ್ಲಿಸಿ ಅವನ್ನು ಸಾಲಾಗಿ ಇಡುತ್ತಿದ್ದಳು, ಯಾವತ್ತೂ ನೇರಳೆ ಮೊದಲು. ನಾನು ಹತ್ತರ ಎಣಿಕೆಗೆ ಹೆದರತೊಡಗಿದೆ. ಒಮ್ಮೆ ಅವರು ಐದಕ್ಕೆ ಬಂದಾಗಲೇ ಹೆಸರು ಕೂಗಿ ಹೇಳಿಬಿಟ್ಟೆ. ಅವರು ಪುನಃ ಒಂದರಿಂದ ಶುರುಮಾಡಿದರು.

ಎಂಟನೆಯ ತಿಂಗಳು ಸಿಆರ್‌ಪಿ ಏರಿತು. ತುರ್ಭೆಯ ಗೋದಾಮಿನಲ್ಲಿ ಫೋನಿನಲ್ಲಿ ಆ ಅಂಕಿಯನ್ನು ನೋಡಿದವನು ಲಾರಿಯ ಪಕ್ಕದಲ್ಲೇ ಕೂತುಬಿಟ್ಟೆ. ಮರುದಿನ ಬೆಳಿಗ್ಗೆಯೇ ಮತ್ತೊಮ್ಮೆ ರಕ್ತ ತೆಗೆಯಬೇಕು, ಈ ಸಲ ಇನ್ನೂ ದೊಡ್ಡ ಪರೀಕ್ಷೆಗಳಿವೆಯಂತೆ, ಎಲ್ಲವೂ ಆಗಬೇಕು ಎಂದು ಅವರನ್ನು ಕರೆಸಿದೆ.

ಬಂದರು. ಕೈ ತೊಳೆದರು. ಚೀಲವನ್ನು ಬಾಗಿಲ ಹತ್ತಿರವೇ ಇಟ್ಟರು, ಬಿಚ್ಚಲಿಲ್ಲ.

"ಕೂಸಿಗೆ ನೆಗಡಿ ಆಗೇತಲ್ರಿ, ಮೂಗು ಸೋರಾಕತ್ತೇತಿ. ನೆಗಡಿ ಆದ್ರ ಏರ್ತದ. ನೀವು ಏನೋ ಓದೀನಿ ಅಂತೀರಲ್ಲ, ಅದನ್ನ ತೋರಸ್ರಿ."

ಫೋನ್ ಕೊಟ್ಟೆ. ಅವರು ನೆಲದ ಮೇಲೆ ಕೂತು, ಬೆರಳಿನಿಂದ ಒಂದೊಂದೇ ಸಾಲನ್ನು ಎಳೆಯುತ್ತ, ಇಂಗ್ಲಿಷಿನ ಆ ಲೇಖನವನ್ನು ತುದಿಯವರೆಗೆ ಓದಿದರು. ಕಾಲು ಗಂಟೆ ಹಿಡಿಯಿತು. ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಿದ್ದಳು.

"ಅರ್ಧಾ ಓದೀರಿ ಅಣ್ಣಾರ. ಕೆಳಗ ಬರದಾರ ನೋಡ್ರಿ. ಬಾಳ ಮಕ್ಕಳನ್ನ ಕೂಡಿಸಿ ನೋಡಿದ್ರ ಸ್ವಲ್ಪ ಫರಕ್ ಕಾಣ್ತದಂತ. ಒಂದ್ ಕೂಸಿನ ರಕ್ತ ನೋಡಿ ಐತಿ ಅಂತಾಗ್ಲಿ ಇಲ್ಲ ಅಂತಾಗ್ಲಿ ಹೇಳಾಕ ಬರೂದಿಲ್ಲಂತ. ನಾರ್ಮಲ್ ಬಂದಾಗ ಜಿಲೇಬಿ ತಿಂದ್ರಿ. ಅದೂ ಸುಳ್ಳ ಜಿಲೇಬಿ."

ನಾನು ಏನೋ ಹೇಳಲು ಹೊರಟೆ. ಅವರು ಮಗಳ ಕಡೆ ತಿರುಗಿದರು. ಅವಳು ಬೆನ್ನು ಹಾಕಿ ಮುಚ್ಚಳಗಳನ್ನು ಜೋಡಿಸುತ್ತಿದ್ದಳು.

"ನಿನ್ ಹೆಸರೇನವಾ?" ಹತ್ತು ಎಣಿಸಿದರು.

"ಬೇಟಾ, ನಾಮ್ ಕ್ಯಾ ಹೈ?" ಹತ್ತು.

"ಬಾಳಾ, ತುಝಂ ನಾವ್ ಕಾಯ್?" ಹತ್ತು.

ಆಮೇಲೆ ನನ್ನ ಹೆಂಡತಿಯ ಕಡೆ ಒಮ್ಮೆ ನೋಡಿ, ಮತ್ತೆ ಮಗಳನ್ನೇ, ಯಾರಿಂದಲೋ ಕೇಳಿ ಕಲಿತು ಬಂದ ತುಳುವಿನಲ್ಲಿ, ಗದಗದ ಎಳೆತದಲ್ಲಿ ಕೇಳಿದರು: "ನಿನ್ನ ಪುದರ್ ದಾದ?"

ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ನಾಲ್ಕನೆಯ ಹತ್ತೂ ಮುಗಿಯಿತು. ಮಗಳು ತಿರುಗಲಿಲ್ಲ. ನೇರಳೆ, ಕೆಂಪು, ನೀಲಿ. ನೇರಳೆ, ಕೆಂಪು, ನೀಲಿ.

"ನಾಲ್ಕೂ ಭಾಷಾ ಆತ್ರಿ" ಎಂದರು ಮೆಲ್ಲಗೆ. "ಇದು ಭಾಷಾದ್ದಲ್ಲ. ರಕ್ತದಾಗೂ ಸಿಗೂದಿಲ್ಲ. ಠಾಣಾಕ್ಕ ಹೋಗಿ ತೋರಸ್ರಿ."

ನಾನು ಜೋರು ದನಿಯವನಲ್ಲ. ಆವತ್ತು ದನಿ ಏರಿತು. "ನೀವು ಡಾಕ್ಟರಾ? ನಿಮ್ಮ ಕೆಲಸ ರಕ್ತ ತೆಗೆಯುವುದು. ತೆಗೆದುಕೊಂಡು ಹೋಗಿ." ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ. ಅವರು ಸಿಟ್ಟಾಗಲಿಲ್ಲ. ಮುಂಗೈಯ ರಬ್ಬರ್ ಪಟ್ಟಿಯನ್ನು ಬಿಚ್ಚಿ ಮತ್ತೆ ಸುತ್ತಿದರು.

"ಡಾಕ್ಟರ್ ಅಲ್ರಿ. ಅದಕ್ಕ ನಾ ಏನ್ ಐತಿ ಅಂತ ಹೇಳಿಲ್ಲ, ತೋರಸ್ರಿ ಅಂತ ಹೇಳೀನಿ. ಒಂದ್ ಮಾತ ಕೇಳ್ರಿ, ಆಮ್ಯಾಲ ಬೈರಿ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದನ್ನು ಹೇಳಿದರು. ಒಂದು ಮನೆಯಲ್ಲಿ ಇಬ್ಬರು ಅಕ್ಕತಂಗಿಯರು, ಇಬ್ಬರಿಗೂ ಜ್ವರ, ಇಬ್ಬರದೂ ರಕ್ತ ತೆಗೆಯಬೇಕು. ಹೆಸರು ಕೇಳಿದಾಗ ತಾಯಿ ಹೆದರಿಕೆಯಲ್ಲಿ ಒಬ್ಬಳ ಹೆಸರಿಗೆ ಇನ್ನೊಬ್ಬಳ ಹೆಸರು ಹೇಳಿದಳು. ಇವರು ಹಾಗೆಯೇ ಬರೆದರು. ಮಕ್ಕಳಿಗೆ ಮಾತು ಬರುತ್ತಿತ್ತು. ಯಾರೂ ಅವರನ್ನು ಕೇಳಲಿಲ್ಲ. ಹೆಚ್ಚು ಕಾಯಿಲೆಯಿದ್ದವಳಿಗೆ ಏನೂ ಇಲ್ಲ ಎಂದು ರಿಪೋರ್ಟ್ ಹೋಯಿತು.

"ಆ ಹುಡುಗಿ?" ಹೆಂಡತಿ ಬಾಗಿಲಿನಿಂದಲೇ ಕೇಳಿದಳು.

"ಉಳೀತವ್ವ. ಆದ್ರ ಎರಡ ದಿನ ಸುಮ್ನ ಹೋದ್ವು. ಆ ಎರಡ ದಿನ ಇನ್ನೂ ನನ್ನ ಕಡೇನ ಅದಾವ." ನನ್ನತ್ತ ತಿರುಗಿದರು. "ಅಂಜಿದವ್ರ ಬಾಯಾಗ ಕೂಸಿನ ಸುದ್ದಿ ಖರೇ ಬರೂದಿಲ್ಲ ಅಣ್ಣಾರ. ಅದಕ್ಕ ಕೂಸಿನ್ನ ಕೇಳ್ತೀನಿ. ಅದು ಹೇಳ್ಲಿಲ್ಲ ಅಂದ್ರ, ಹೇಳ್ಲಿಲ್ಲ ಅನ್ನೂದನ್ನ ಬರೀತೀನಿ. ನಿಮ್ಮ ಮನ್ಯಾಗಿಂದು ಎಂಟು ಫಾರ್ಮ್ ಆದ್ವು."

ಚೀಲ ಎತ್ತಿಕೊಂಡರು. ಆ ದಿನ ರಕ್ತ ತೆಗೆಯಲೇ ಇಲ್ಲ. ಹೋಗುವಾಗ ಮಗಳ ಸಾಲಿನ ತುದಿಗೆ ಒಂದು ಹಳದಿ ಮುಚ್ಚಳ ಇಟ್ಟು ಹೋದರು.

ಮುಂದಿನ ವಾರ ಠಾಣೆಗೆ ಹೋದೆವು. ಹಿಂದಿನ ದಿನ ರಜೆ ಹಾಕಿ, ಹೋಗದಿರಲು ಹನ್ನೊಂದು ಕಾರಣಗಳನ್ನು ಹುಡುಕಿದ್ದೆ. ಹೆಂಡತಿ ಒಂದನ್ನೂ ಕೇಳದೆ ಮಗಳಿಗೆ ಚಪ್ಪಲಿ ಹಾಕಿದಳು. ಡಾಕ್ಟರ್ ಎರಡು ಗಂಟೆ ಮಗಳ ಜೊತೆ ನೆಲದ ಮೇಲೆ ಕೂತಿದ್ದರು. ಗೊಂಬೆ, ಚೆಂಡು, ಗುಳ್ಳೆ ಊದುವುದು, ನಮಗೆ ನೂರೆಂಟು ಪ್ರಶ್ನೆ. ಒಂದು ಹನಿ ರಕ್ತ ತೆಗೆಯಲಿಲ್ಲ. ನಿಮಗೆ ಯಾವಾಗಿನಿಂದ ಅನುಮಾನ ಎಂದು ಕೇಳಿದಾಗ ನಾನು "ಎಂಟು ತಿಂಗಳು" ಎಂದೆ. ಅದೇ ಹೊತ್ತಿಗೆ ಹೆಂಡತಿ "ಎರಡು ವರ್ಷ" ಎಂದಳು. ನಾವು ಒಬ್ಬರನ್ನೊಬ್ಬರು ನೋಡಿಕೊಳ್ಳಲಿಲ್ಲ. ಲೋಕಲಿನಲ್ಲಿ ನಾನು ಟೈಪ್ ಮಾಡಿದ್ದ ಆ ಶಬ್ದವನ್ನು ಡಾಕ್ಟರ್ ಹೇಳಿದರು. ಬೇಗ ಬಂದಿದ್ದರೆ ಇನ್ನೂ ಒಳ್ಳೆಯದಿತ್ತು, ಈಗ ಬಂದದ್ದೂ ಒಳ್ಳೆಯದೇ ಎಂದರು. ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ ಆ ವಾಕ್ಯದ ಮೊದಲರ್ಧ ಮಾತ್ರ ನನಗೆ ಕೇಳಿಸಿತು. ಅರ್ಧಕ್ಕೇ ನಿಲ್ಲಿಸುವುದು ಹಳೆಯ ಅಭ್ಯಾಸ.

ಅಲ್ಲಿಂದ ಮುಂದೆ ವಾರಕ್ಕೆ ಮೂರು ದಿನ ಥೆರಪಿ, ಮಾತಿನದು, ಕೈಕಾಲಿನದು. ಹಾಲು, ಗೋಧಿ ಮರಳಿ ಬಂದವು. ಗ್ರಾಫನ್ನು ಅಳಿಸಿದೆ. ಆ ಹೆಂಗಸು ನಮ್ಮ ಕಟ್ಟಡಕ್ಕೆ ಯಾರದಾದರೂ ರಕ್ತಕ್ಕೆ ಬಂದರೆ ನಮ್ಮ ಬಾಗಿಲನ್ನೂ ತಟ್ಟುತ್ತಿದ್ದರು. ಚಹಾ ಕುಡಿಯುತ್ತಿರಲಿಲ್ಲ, ನೀರು ಮಾತ್ರ. ಕೆಲಸವಿಲ್ಲದಿದ್ದರೂ ಕೂತು ಅದನ್ನೇ ಕೇಳುವುದು, ಹತ್ತು ಎಣಿಸುವುದು, ಎದ್ದು ಹೋಗುವುದು. ಒಂದು ದಿನ ಮಗಳು ಎಂಟಕ್ಕೆ ತಲೆಯೆತ್ತಿ ಅವರ ಮುಂಗೈಯ ಪಟ್ಟಿಯನ್ನು ನೋಡಿದಳು. ಅವರು ಎಣಿಕೆ ನಿಲ್ಲಿಸಿ, "ನೋಡ್ತಲ್ರಿ" ಎಂದು ಅಷ್ಟೇ ಅಂದರು. ಕಣ್ಣು ಒರೆಸಿಕೊಂಡವಳು ನನ್ನ ಹೆಂಡತಿ.

ಮೂರು ವರ್ಷದ ನಂತರ ನಾವು ಮಗಳ ಶಾಲೆಗಾಗಿ ಪಕ್ಕದ ಊರು ಕಲ್ಯಾಣಕ್ಕೆ ಮನೆ ಬದಲಿಸಿದೆವು. ಅವರಿಗೆ ಹೇಳಿ ಬರಬೇಕೆಂದಿದ್ದೆ. ಸಾಮಾನಿನ ಟೆಂಪೋ ಪಲ್ಟಿಯಾಗುತ್ತದೆಂದು ಹೆದರುವುದರಲ್ಲಿ ಮರೆತೆ.

ಹೋದ ತಿಂಗಳು ಮಗಳಿಗೆ ಮತ್ತೆ ಜ್ವರ ಬಂತು. ಈಗ ಅವಳಿಗೆ ಹನ್ನೊಂದು. ಕೆಲವು ಶಬ್ದಗಳಿವೆ, ಬೇಕೆನಿಸಿದಾಗ ಬರುತ್ತವೆ. ಡಾಕ್ಟರ್ ಬರೆದ ಚೀಟಿಯಲ್ಲಿ ಸಿಆರ್‌ಪಿ ಎಂಬ ಅಕ್ಷರಗಳಿದ್ದವು. ಕಲ್ಯಾಣದಲ್ಲಿ ಹೆಜ್ಜೆಗೊಂದು ಲ್ಯಾಬ್ ಇದ್ದರೂ ರಿಕ್ಷಾ ಮಾಡಿ ಡೊಂಬಿವಲಿಗೇ ಕರೆದುಕೊಂಡು ಹೋದೆ.

ಮೊದಲ ಮಹಡಿ ಹತ್ತಿದೆವು. ಕೌಂಟರಿನ ಹಿಂದಿನ ಗೋಡೆಯಲ್ಲಿ ಅವರ ಫೋಟೋ, ಅದಕ್ಕೆ ಚಂದನದ ಹಾರ. ಕೆಳಗೆ ಮರಾಠಿಯಲ್ಲಿ ಹೆಸರು, ಎರಡು ತಾರೀಕು. ನಾನು ಆ ಹೆಸರನ್ನು ಎರಡು ಸಲ ಓದಿದೆ. ಅವರ ಹೆಸರು ನನಗೆ ಗೊತ್ತಾದದ್ದು ಆವತ್ತೇ. ಬಂದಾಗಲೆಲ್ಲ ನಮ್ಮ ಮಗಳ ಹೆಸರು ಕೇಳುತ್ತಿದ್ದವರ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಫೋನಿನಲ್ಲಿ 'ಬ್ಲಡ್ ಮೇಡಂ' ಎಂದು ಇಟ್ಟುಕೊಂಡಿದ್ದೆ.

ರಕ್ತ ತೆಗೆಯಲು ಬಂದವಳು ಇಪ್ಪತ್ತೆರಡರ ಹುಡುಗಿ. ಟ್ಯೂಬಿನ ಮೇಲೆ ಪೆನ್ನು ಹಿಡಿದು ನನ್ನನ್ನೇ ಕೇಳಿದಳು: "ನಾವ್ ಕಾಯ್?"

ಬಾಯಿ ತೆರೆದೆ. ಮುಚ್ಚಿದೆ. ಮಗಳ ಕಡೆ ಕೈ ತೋರಿಸಿ, ಒಂದು ನಿಮಿಷ, ಅವಳನ್ನು ಕೇಳಿ ಎಂದೆ. ಹುಡುಗಿ ಕೇಳಿದಳು. ನಾನು ಮನಸ್ಸಿನಲ್ಲಿ ಎಣಿಸತೊಡಗಿದೆ. ಆ ಎಣಿಕೆಯಲ್ಲಿ ನನಗಿರುವ ಹೆದರಿಕೆ ಜ್ವರದ್ದಲ್ಲ. ಇವಳಿಗೆ ಮೂವತ್ತಾಗುತ್ತದೆ, ನಲವತ್ತಾಗುತ್ತದೆ, ಹೀಗೆ ಯಾವುದೋ ಕುರ್ಚಿಯಲ್ಲಿ ತೋಳು ಚಾಚಿ ಕೂತಿರುತ್ತಾಳೆ, ಯಾರೋ ಹೆಸರು ಕೇಳುತ್ತಾರೆ, ಆಗ ಪಕ್ಕದಲ್ಲಿ ನಾನಿರುವುದಿಲ್ಲ. ಐದು. ಆರು. ನನ್ನ ಎಲ್ಲ ಹೆದರಿಕೆಗಳು ಕೊನೆಗೆ ಹೋಗಿ ಕೂರುವುದು ಈ ಕುರ್ಚಿಯಲ್ಲೇ. ಏಳು.

"ನಿನ್ ಹೆಸರೇನವಾ?"

ಮಗಳು ಹೇಳಿದ್ದು. ನೇರಳೆ ಮುಚ್ಚಳವನ್ನು ನೋಡುತ್ತ, ಸ್ಪಷ್ಟವಾಗಿ, ಗದಗದ ಎಳೆತದಲ್ಲಿ, ಆ 'ವಾ' ಕೊನೆಗೆ ಸ್ವಲ್ಪ ಮೇಲಕ್ಕೆ ಹೋಗುವ ಹಾಗೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಾಲ್ಕೈದು ವರ್ಷದಿಂದ ಅವಳ ಕಿವಿಗೂ ಆ ಮಾತು ಬಿದ್ದಿಲ್ಲ. ಗೋಡೆಯ ಕಡೆ ನೋಡಲು ಧೈರ್ಯವಾಗಲಿಲ್ಲ.

"ಕಾಯ್ ಮ್ಹಣತೇ ತೀ?" ಏನನ್ನುತ್ತಿದ್ದಾಳೆ ಎಂದು ಹುಡುಗಿ ನನ್ನನ್ನು ಕೇಳಿದಳು.

"ನಿಮ್ಮ ಹೆಸರು ಕೇಳುತ್ತಿದ್ದಾಳೆ" ಎಂದೆ ಮರಾಠಿಯಲ್ಲಿ.

ಹುಡುಗಿ ಪೆನ್ನು ಕೆಳಗಿಟ್ಟು, ಮಗಳ ಮುಖದ ಮಟ್ಟಕ್ಕೆ ಬಗ್ಗಿ, ತನ್ನ ಹೆಸರು ಹೇಳಿದಳು. ಮಗಳು ಅವಳನ್ನು ನೋಡಿದಳೋ, ಅವಳ ಹಿಂದಿನ ಟ್ಯೂಬುಗಳನ್ನೋ, ನಾನು ಆಣೆಯಿಟ್ಟು ಹೇಳಲಾರೆ. ತೋಳನ್ನಂತೂ ಚಾಚಿದಳು.

ನಾನು ಹತ್ತು ಮುಗಿಸಿದೆ. ಹನ್ನೊಂದು, ಹನ್ನೆರಡೂ ಎಣಿಸಿದೆ. ಆಮೇಲೆ ಮಗಳ ಹೆಸರು ಹೇಳಿದೆ. ಅದರ ಪಕ್ಕದಲ್ಲಿ 'ತಂದೆ ಹೇಳಿದ್ದು' ಎಂದು ಬರೆಯಿರಿ ಎಂದು ಕೇಳಿಕೊಂಡೆ. ಅಂಥ ಕಾಲಂ ಇಲ್ಲ ಅಂಕಲ್ ಎಂದಳು ಹುಡುಗಿ. ಪೆನ್ನು ಇಸಿದುಕೊಂಡು ಫಾರ್ಮಿನ ಮೂಲೆಯಲ್ಲಿ ನಾನೇ ಬರೆದೆ, ಸಣ್ಣಗೆ, ಕನ್ನಡದಲ್ಲಿ. ಆ ಲ್ಯಾಬಿನಲ್ಲಿ ಈಗ ಅದನ್ನು ಓದಬಲ್ಲವರು ಯಾರೂ ಇಲ್ಲ.